ಮುಗಿಲ ದಾರಿ ಕಾಯುವವರು

ಹುಮನಾಬಾದಿನಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಪುಣೆ, ಸೊಲ್ಲಾಪುರಗಳಿಂದ ಬಂದು ಬಸವಕಲ್ಯಾಣ ತಾಲೂಕನ್ನು ಹಾದು ಹೈದರಾಬಾದಿಗೆ ಹೋಗುವುದು ಒಂದು, ಕಲಬುರಗಿಯಿಂದ ಬೀದರಿಗೆ ಹೋಗುವುದು ಇನ್ನೊಂದು. ಹಗಲೂ ರಾತ್ರಿ ಲಾರಿಗಳ ಸಾಲು. ಆದರೆ ಈ ಊರಿನ ಮೇಲೆ ಮೂರನೆಯ ದಾರಿಯೂ ಒಂದಿದೆ. ಭೂಪಟದಲ್ಲಿ ಹೈದರಾಬಾದಿನಿಂದ ಮುಂಬೈಗೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಹುಮನಾಬಾದ್, ಬಸವಕಲ್ಯಾಣಗಳ ಹತ್ತಿರವೇ ಹಾಯುತ್ತದೆ. ಸಂಜೆ ಹೊತ್ತು ಕಲ್ಯಾಣದ ಕೋಟೆಯ ಮೇಲೆ ನಿಂತರೆ ವಿಮಾನಗಳು ಎಳೆದ ಬಿಳಿ ಗೆರೆಗಳು ಕಾಣುತ್ತವೆ. ಒಂದು ಗೆರೆ ಕರಗುವ ಮೊದಲೇ ಇನ್ನೊಂದು ಬರುತ್ತದೆ.

ಒಂದು ಸಂಜೆ ಹಾಗೆ ನಿಂತಿದ್ದಾಗ ಜೊತೆಗೆ ಬಂದಿದ್ದ ಬಿ.ಎಸ್‌ಸಿ ಹುಡುಗನೊಬ್ಬ ಕೇಳಿದ: "ಸರ್, ನಾ ಎಟಿಸಿ ಪರೀಕ್ಷೆಗೆ ಓದಬೇಕಂತ ಮಾಡೀನಿ. ಆದ್ರ ಎಲ್ಲಾರೂ ಅಂತಾರ, ಇನ್ನ ಹತ್ತು ವರ್ಷದಾಗ ಎಲ್ಲಾ ಕಂಪ್ಯೂಟರೇ ಮಾಡ್ತದಂತ. ಹಂಗಾದ್ರ ಅಲ್ಲಿ ಮನುಷ್ಯಾಗೇನು ಕೆಲಸ ಉಳೀತದ್ರಿ?"

ಅವನಿಗೆ ಆಗ ಸರಿಯಾದ ಉತ್ತರ ಕೊಡಲಾಗಲಿಲ್ಲ. ಉತ್ತರ ಹುಡುಕುತ್ತ ಓದಿದ ಮೇಲೆ, ಆ ಪ್ರಶ್ನೆಗೆ ಎಪ್ಪತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆಯೆಂದು ತಿಳಿಯಿತು. ಆ ಇತಿಹಾಸದ ಕೆಲವು ಮುಖ್ಯ ಪುಟಗಳು ನಮ್ಮ ಕರ್ನಾಟಕದಲ್ಲೇ ಬರೆಯಲ್ಪಟ್ಟಿವೆ. ಅವನಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಾರಿ ಖಾಲಿ ಇತ್ತು. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ವಿಮಾನ ಹಾರಿಸಿಕೊಂಡು ಬಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದೇ ಟಪಾಲನ್ನು ಬಳ್ಳಾರಿಯ ಮೇಲಿಂದ ಮದ್ರಾಸಿಗೆ ಒಯ್ದರು. ಆ ಪುಟ್ಟ ವಿಮಾನಗಳಲ್ಲಿ ರೇಡಿಯೋ ಇರಲಿಲ್ಲ, ಕೆಳಗಿನಿಂದ ದಾರಿ ಹೇಳುವವರೂ ಇರಲಿಲ್ಲ. ಹೊಳೆ, ರೈಲು ಹಳಿ, ಗುಡ್ಡ ನೋಡಿ ಹಾರಬೇಕು. ಆಕಾಶದಲ್ಲಿ ಇನ್ನೊಂದು ವಿಮಾನ ಎದುರಾಗುವ ಭಯವೇ ಇರಲಿಲ್ಲ, ಯಾಕೆಂದರೆ ಇನ್ನೊಂದು ವಿಮಾನವೇ ಇರಲಿಲ್ಲ.

1948ರ ಹೊತ್ತಿಗೆ ನಮ್ಮ ಭಾಗದ ಆಕಾಶಕ್ಕೆ ಬೇರೆ ತರಹದ ಕಥೆ ಸೇರಿಕೊಂಡಿತು. ಆಗ ಹುಮನಾಬಾದ್, ಕಲ್ಯಾಣಿ ಎಂದು ಕರೆಯುತ್ತಿದ್ದ ಬಸವಕಲ್ಯಾಣ, ಬೀದರ್ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ. ಆಸ್ಟ್ರೇಲಿಯಾ ಮೂಲದ ಸಿಡ್ನಿ ಕಾಟನ್ ಎಂಬ ವೈಮಾನಿಕ ಕರಾಚಿಯಿಂದ ಸಂಸ್ಥಾನಕ್ಕೆ ಕದ್ದುಮುಚ್ಚಿ ಶಸ್ತ್ರಾಸ್ತ್ರ ಸಾಗಿಸಿದ. ಅವನ ವಿಮಾನಗಳು ಇಳಿದ ತಾಣಗಳಲ್ಲಿ ಬೀದರ್ ಕೂಡ ಒಂದು. ಯಾವ ನಿಯಂತ್ರಣ ಕೇಂದ್ರಕ್ಕೂ ಹೆಸರು ಹೇಳದೆ ಕತ್ತಲಲ್ಲಿ ಹಾರಿದರೂ ಆ ವಿಮಾನಗಳಿಗೆ ಏನೂ ಆಗಲಿಲ್ಲ. ಜಾಣತನಕ್ಕಿಂತ ಹೆಚ್ಚಾಗಿ ಖಾಲಿ ಆಕಾಶವೇ ಅವುಗಳನ್ನು ಕಾಪಾಡಿತು. ಇಂದು ಅದೇ ಬೀದರಿನಲ್ಲಿ ವಾಯುಪಡೆಯ ದೊಡ್ಡ ತರಬೇತಿ ನೆಲೆ ಇದೆ, ಸೂರ್ಯಕಿರಣ ತಂಡದ ಮನೆಯೂ ಅದೇ. 2020ರ ಫೆಬ್ರವರಿಯಿಂದ ಅಲ್ಲಿ ನಾಗರಿಕ ವಿಮಾನಗಳೂ ಇಳಿಯಲು ಶುರುವಾದವು. ನಡುವೆ ಆ ಸೇವೆ ನಿಂತದ್ದೂ ಉಂಟು, ಮತ್ತೆ ಶುರುವಾದದ್ದೂ ಉಂಟು.

ದಾರಿ ತುಂಬತೊಡಗಿದಾಗ ಅದನ್ನು ಕಾಯುವ ಉಪಾಯವನ್ನು ವಿಮಾನದವರು ಹೊಸದಾಗಿ ಕಂಡುಹಿಡಿಯಬೇಕಾಗಲಿಲ್ಲ. ರೈಲಿನವರು ಅದನ್ನು ಆಗಲೇ ಮಾಡಿಟ್ಟಿದ್ದರು. ನಮ್ಮ ಹುಮನಾಬಾದಿಗೆ ರೈಲು ಬಂದದ್ದು ತಡವಾಗಿ. ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದದ್ದು 2017ರಲ್ಲಿ. ಆದರೆ 'ಲೈನ್ ಕ್ಲಿಯರ್' ಎಂಬ ಮಾತು ಎಲ್ಲರಿಗೂ ಗೊತ್ತು. ಮುಂದಿನ ಸ್ಟೇಷನ್ನಿನವರು ಹಳಿ ಖಾಲಿ ಇದೆ ಎನ್ನುವವರೆಗೆ ಈ ಸ್ಟೇಷನ್ನಿನವರು ಗಾಡಿ ಬಿಡುವಂತಿಲ್ಲ. ರಾಡಾರ್ ಇಲ್ಲದ ಕಾಲದ ವಿಮಾನ ನಿಯಂತ್ರಣವೂ ಹೆಚ್ಚುಕಡಿಮೆ ಇದೇ. ಪೈಲಟ್ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಮುಂದಿನ ಗುರುತನ್ನು ಎಷ್ಟು ಗಂಟೆಗೆ ದಾಟುತ್ತೇನೆ ಎಂದು ರೇಡಿಯೋದಲ್ಲಿ ಹೇಳುತ್ತಾನೆ. ಕೆಳಗೆ ಕೂತವನು ಅದನ್ನು ಉದ್ದನೆಯ ಕಾಗದದ ಚೀಟಿಯ ಮೇಲೆ ಬರೆದು, ಚೀಟಿಗಳನ್ನು ಹಲಗೆಯಲ್ಲಿ ಒಂದರ ಕೆಳಗೊಂದು ಜೋಡಿಸುತ್ತಾನೆ. ಕಣ್ಣಿಗೆ ಒಂದೂ ವಿಮಾನ ಕಾಣದಿದ್ದರೂ ತಲೆಯೊಳಗೆ ಇಡೀ ಆಕಾಶ ಇರುತ್ತದೆ. ಈ ಕೆಲಸದವರು ಅದನ್ನು ಇಂದಿಗೂ 'ಪಿಕ್ಚರ್' ಎಂದೇ ಕರೆಯುತ್ತಾರೆ. ಪಿಕ್ಚರ್ ಹೋಯಿತು ಎಂದರೆ ಎಲ್ಲವೂ ಹೋದಂತೆ.

ಎರಡನೆಯ ಮಹಾಯುದ್ಧ ರಾಡಾರ್ ತಂದಿತು. ಅದರ ಜೊತೆ ಹೊಸ ತೊಂದರೆಯೂ ಬಂತು. ರಾಡಾರ್ ಪರದೆಯ ಮುಂದೆ ಕೂತವರು ಸ್ವಲ್ಪ ಹೊತ್ತಿನ ಮೇಲೆ ಎದುರಿಗಿರುವ ಚುಕ್ಕೆಯನ್ನೇ ಕಾಣದೆ ಹೋಗುತ್ತಿದ್ದರು. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಪರೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದ. ಗಡಿಯಾರದಂಥ ಒಂದು ಬಿಲ್ಲೆ, ಅದರ ಮುಳ್ಳು ಆಗೊಮ್ಮೆ ಈಗೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ನೋಡುವವನು ಆ ಜಿಗಿತವನ್ನು ಗುರುತಿಸಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ತಪ್ಪುಗಳು ಹೆಚ್ಚಾದವು. ಆಳು ಸೋಮಾರಿ ಅಂತಲ್ಲ, ಮನುಷ್ಯನ ಗಮನ ಇರುವುದೇ ಹಾಗೆ. ಏನೂ ಆಗದ ಕಡೆ ಅದು ನಿಲ್ಲುವುದಿಲ್ಲ.

1951ರಲ್ಲಿ ಅಮೆರಿಕದ ಪಾಲ್ ಫಿಟ್ಸ್ ಮತ್ತು ಸಂಗಡಿಗರು ವಿಮಾನ ಸಂಚಾರ ನಿಯಂತ್ರಣದ ಬಗ್ಗೆಯೇ ಒಂದು ವರದಿ ಬರೆದರು. ಮನುಷ್ಯ ಯಾವುದರಲ್ಲಿ ಮೇಲು, ಯಂತ್ರ ಯಾವುದರಲ್ಲಿ ಮೇಲು ಎಂಬ ಪಟ್ಟಿ ಅದರಲ್ಲಿದೆ. ಲೆಕ್ಕ, ವೇಗ, ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವುದು ಯಂತ್ರದ ಪಾಲಿಗೆ. ಅನಿರೀಕ್ಷಿತವಾದದ್ದು ಎದುರಾದಾಗ ವಿವೇಚನೆ ಮಾಡುವುದು, ಹೊಸ ದಾರಿ ಹುಡುಕುವುದು ಮನುಷ್ಯನ ಪಾಲಿಗೆ. ಇಷ್ಟೊಂದು ಹೊತ್ತು ಸುಮ್ಮನೆ ಕಾದು ನೋಡುವ ಕೆಲಸವನ್ನು ಮನುಷ್ಯನಿಗೆ ವಹಿಸಬೇಡಿ ಎಂದೂ ಅವರು ಎಚ್ಚರಿಸಿದ್ದರು. ಮುಂದೆ ಆದದ್ದು ಬಹುಮಟ್ಟಿಗೆ ಅದಕ್ಕೆ ತದ್ವಿರುದ್ಧ. ಮಾಡುವ ಕೆಲಸವೆಲ್ಲ ಯಂತ್ರಕ್ಕೆ ಹೋಯಿತು, ಯಂತ್ರವನ್ನು ನೋಡುತ್ತ ಕೂರುವುದು ಮನುಷ್ಯನಿಗೆ ಉಳಿಯಿತು. 1983ರಲ್ಲಿ ಲಿಸಾನ್ ಬೈನ್‌ಬ್ರಿಜ್ ಎಂಬ ವಿದ್ವಾಂಸೆ ಇದರ ವಿಪರ್ಯಾಸವನ್ನು ಬಿಡಿಸಿ ಹೇಳಿದಳು. ಯಂತ್ರ ಚೆನ್ನಾಗಿ ನಡೆದಷ್ಟೂ ಮನುಷ್ಯನ ಕೈ ಜಡ್ಡುಗಟ್ಟುತ್ತದೆ. ಯಂತ್ರ ಕೈಕೊಡುವುದಾದರೋ ಅತಿ ಕಷ್ಟದ ಗಳಿಗೆಯಲ್ಲೇ. ಆಗ ಆ ಜಡ್ಡುಗಟ್ಟಿದ ಕೈಗೇ ಎಲ್ಲವೂ ಬಂದು ಬೀಳುತ್ತದೆ.

ಈ ಮಾತಿನ ಬೆಲೆ ಏನೆಂದು ಬೆಂಗಳೂರು ಏಳು ವರ್ಷಗಳಲ್ಲೇ ಕಂಡಿತು. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಹೊಚ್ಚಹೊಸ ಏರ್‌ಬಸ್ ಎ320 ವಿಮಾನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಆ ಮಾದರಿ ನಮ್ಮ ದೇಶಕ್ಕೆ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಎಂಜಿನ್ನುಗಳು ಕೆಟ್ಟಿರಲಿಲ್ಲ. ವಿಮಾನ ಇಳಿಯುವಾಗ ಎಂಜಿನ್ನನ್ನು ಕನಿಷ್ಠ ಶಕ್ತಿಯಲ್ಲೇ ಇರಿಸುವ ಒಂದು ಸ್ವಯಂಚಾಲಿತ ವಿಧಾನ ಚಾಲೂ ಇತ್ತು. ವೇಗವನ್ನು ಯಂತ್ರ ನೋಡಿಕೊಳ್ಳುತ್ತಿದೆ ಎಂದು ಪೈಲಟ್‌ಗಳು ನಂಬಿದ್ದರು, ಯಂತ್ರ ನೋಡಿಕೊಳ್ಳುತ್ತಿರಲಿಲ್ಲ. ವೇಗ ಕುಸಿದದ್ದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಈ ದುರಂತದ ವಿಚಾರಣೆ ನಡೆಸಿದರು. 'ಪೈಲಟ್ ತಪ್ಪು' ಎಂದು ಎರಡು ಪದದಲ್ಲಿ ಮುಗಿಸಿಬಿಡಬಹುದು. ಆದರೆ ಆ ಎರಡು ಪದ ಬರೆದ ಮೇಲೂ ಪ್ರಶ್ನೆ ಹಾಗೇ ಉಳಿಯುತ್ತದೆ: ಇಬ್ಬರು ಅನುಭವಿಗಳು ಒಂದೇ ಕ್ಷಣದಲ್ಲಿ ಒಂದೇ ತಪ್ಪನ್ನು ನಂಬುವಂತೆ ಮಾಡಿದ್ದು ಯಾವುದು?

ಇನ್ನು ಮಾತಿನ ವಿಷಯ. ನಮ್ಮ ಬಸವಕಲ್ಯಾಣದ ಬಜಾರಿನಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ನಡೆಯುತ್ತವೆ. 'ದೀಡ್ ನೂರು' ಎಂದರೆ ನೂರೈವತ್ತು, 'ಅಡೀಚ್ ನೂರು' ಎಂದರೆ ಇನ್ನೂರೈವತ್ತು ಎಂದು ನಮಗೆ ಗೊತ್ತು. ಮೈಸೂರಿನಿಂದ ಬಂದವರು ಅಂಗಡಿಯಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ. ಅಂಗಡಿಯಲ್ಲಾದರೆ ಮತ್ತೊಮ್ಮೆ ಕೇಳಬಹುದು. 1989ರ ಫೆಬ್ರವರಿಯಲ್ಲಿ ಕೌಲಾಲಂಪುರದ ಬಳಿ ಒಂದು ಸರಕು ವಿಮಾನಕ್ಕೆ ನಿಯಂತ್ರಕರು 2,400 ಅಡಿಗೆ ಇಳಿಯಲು ಹೇಳಿದರು, ಇಂಗ್ಲಿಷಿನಲ್ಲಿ 'ಟೂ ಫೋರ್ ಝೀರೋ ಝೀರೋ' ಎಂದು. ಪೈಲಟ್ ಆ 'ಟೂ' ಅನ್ನು 'ವರೆಗೆ' ಎಂಬ ಅರ್ಥದ 'ಟು' ಎಂದು ಹಿಡಿದು 400 ಅಡಿಗೆ ಇಳಿಯಹೊರಟ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು. ವಿಮಾನದವರು ಅಂಕಿಗಳನ್ನು ಒಂದೊಂದಾಗಿ ವಿಚಿತ್ರವಾಗಿ ಉಚ್ಚರಿಸುವುದು, ಕೇಳಿದ್ದನ್ನು ಮರಳಿ ಒಪ್ಪಿಸುವುದು, ಒಪ್ಪಿಸಿದ್ದು ಸರಿಯಿದೆಯೇ ಎಂದು ಕೆಳಗಿನವರು ಕಿವಿಗೊಡುವುದು, ಇವೆಲ್ಲ ಇಂಥ ಸಾವುಗಳಿಂದ ಕಲಿತ ಶಿಸ್ತು.

ನಮ್ಮ ದೇಶಕ್ಕೆ ಆ ಪಾಠ ಬಂದದ್ದು 1996ರ ನವೆಂಬರ್ 12ರಂದು, ಹರಿಯಾಣದ ಚರ್ಖಿ ದಾದ್ರಿಯಲ್ಲಿ. ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ಅರೇಬಿಯಾದ ಬೋಯಿಂಗ್ 747 ವಿಮಾನಕ್ಕೆ 14,000 ಅಡಿ ಗೊತ್ತುಮಾಡಲಾಗಿತ್ತು. ದೆಹಲಿಗೆ ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯೂಶಿನ್ ವಿಮಾನಕ್ಕೆ 15,000. ನಡುವೆ ಸಾವಿರ ಅಡಿ ಅಂತರ. ಬರುವುದಕ್ಕೂ ಹೋಗುವುದಕ್ಕೂ ಒಂದೇ ದಾರಿ. ಕಜಕ್ ವಿಮಾನ ತನ್ನ ಮಟ್ಟದಲ್ಲಿ ನಿಲ್ಲದೆ ಕೆಳಕ್ಕೆ ಇಳಿಯಿತು. ಎರಡೂ ಡಿಕ್ಕಿಯಾಗಿ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದ ಘಟನೆಗಳಲ್ಲಿ ಇಷ್ಟು ಸಾವು ಇನ್ನೆಲ್ಲೂ ಆಗಿಲ್ಲ. ನ್ಯಾಯಮೂರ್ತಿ ಲಹೋಟಿ ಆಯೋಗದ ತನಿಖೆಯಲ್ಲಿ ತಪ್ಪು ಕಜಕ್ ಸಿಬ್ಬಂದಿಯದೆಂದು ಬಂತು. ಅವರ ಇಂಗ್ಲಿಷ್ ದುರ್ಬಲವಾಗಿತ್ತು. ಕೆಳಗಿನವರೊಡನೆ ಮಾತಾಡುತ್ತಿದ್ದವನು ರೇಡಿಯೋ ಆಪರೇಟರ್, ವಿಮಾನ ನಡೆಸುತ್ತಿದ್ದವನು ಬೇರೊಬ್ಬ. ಮೀಟರಿನ ಲೆಕ್ಕಕ್ಕೆ ಒಗ್ಗಿದವರು ಅಡಿಯ ಲೆಕ್ಕದಲ್ಲಿ ಹಾರಬೇಕಿತ್ತು.

ಹಾಗಾದರೆ ನಿಯಂತ್ರಕನಿಗೆ ಇದು ಕಾಣಲಿಲ್ಲವೇ? ಅವನ ಪರದೆಯ ಮೇಲೆ ಎರಡು ಚುಕ್ಕೆಗಳಿದ್ದವು, ಎತ್ತರ ಇರಲಿಲ್ಲ. ವಿಮಾನದ ಎತ್ತರವನ್ನೂ ತೋರಿಸುವ ಹೊಸ ರಾಡಾರ್ ಆಗ ದೆಹಲಿಯಲ್ಲಿ ಇನ್ನೂ ಚಾಲೂ ಆಗಿರಲಿಲ್ಲ. ಅವನು ನಂಬಬೇಕಾದದ್ದು ರೇಡಿಯೋದಲ್ಲಿ ಬಂದ ಮಾತನ್ನು ಮಾತ್ರ. ಆ ದುರಂತದ ನಂತರ ಬರುವ, ಹೋಗುವ ದಾರಿಗಳು ಬೇರೆಯಾದವು, ಎದುರಿನ ವಿಮಾನವನ್ನು ತಾನೇ ಪತ್ತೆಹಚ್ಚಿ ಎಚ್ಚರಿಸುವ ಉಪಕರಣ ಕಡ್ಡಾಯವಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಮುಂದೆ ಪೈಲಟ್ ಮತ್ತು ನಿಯಂತ್ರಕರಿಗೆ ಭಾಷಾ ಪರೀಕ್ಷೆಯನ್ನೂ ತಂದಿತು. ಯಂತ್ರ, ನಿಯಮ, ನುಡಿ ಮೂರನ್ನೂ ಒಟ್ಟಿಗೆ ಸರಿಪಡಿಸಬೇಕಾಯಿತು ಎಂಬುದನ್ನು ಗಮನಿಸಬೇಕು.

ಯಂತ್ರ ಮತ್ತು ಮನುಷ್ಯ ಬೇರೆ ಬೇರೆ ಮಾತು ಹೇಳಿದರೆ? 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಮೇಲೆ ಅದೇ ಆಯಿತು. ಜ್ಯೂರಿಕ್ ಕೇಂದ್ರದಲ್ಲಿ ಒಬ್ಬನೇ ನಿಯಂತ್ರಕ ಎರಡು ಪರದೆ ನೋಡಿಕೊಳ್ಳುತ್ತಿದ್ದ. ಜೊತೆಯವನು ವಿಶ್ರಾಂತಿಗೆ ಹೋಗಿದ್ದ. ದುರಸ್ತಿಗೆಂದು ಮುಖ್ಯ ಟೆಲಿಫೋನ್ ನಿಲ್ಲಿಸಲಾಗಿತ್ತು. ಅಪಾಯ ಕಂಡ ನಿಯಂತ್ರಕ ರಷ್ಯಾದ ವಿಮಾನಕ್ಕೆ ಇಳಿಯಲು ಹೇಳಿದ, ವಿಮಾನದೊಳಗಿನ ಉಪಕರಣ ಏರಲು ಹೇಳಿತು. ಎದುರಿನ ವಿಮಾನದ ಉಪಕರಣ ಅದಕ್ಕೆ ಇಳಿಯಲು ಹೇಳಿತ್ತು. ಎರಡೂ ಇಳಿದವು. 71 ಜನ ಸತ್ತರು, ಹೆಚ್ಚಿನವರು ಮಕ್ಕಳು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ 2004ರಲ್ಲಿ ಆ ನಿಯಂತ್ರಕನ ಮನೆ ಹುಡುಕಿ ಹೋಗಿ ಅವನನ್ನು ಕೊಂದ. ಒಬ್ಬನನ್ನೇ ಕೂರಿಸಿದ ವ್ಯವಸ್ಥೆಯ ತಪ್ಪು ಆ ತಂದೆಯ ಕಣ್ಣಿಗೆ ಒಬ್ಬ ಮನುಷ್ಯನ ಮುಖವಾಗಿ ಕಂಡಿತ್ತು. 'ಮಾನವ ದೋಷ' ಎಂಬ ಮಾತನ್ನು ಅವಸರದಲ್ಲಿ ಬಳಸುವಾಗಲೆಲ್ಲ ನನಗೆ ಈ ಎರಡು ಮನೆಗಳ ನೆನಪಾಗುತ್ತದೆ.

ಮಂಗಳೂರಿನ ಕಥೆ ನಮಗೆ ಇನ್ನೂ ಹತ್ತಿರದ್ದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ಸತ್ತರು, ಎಂಟು ಜನ ಬದುಕಿದರು. ಆ ದಿನ ಅಲ್ಲಿನ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ನಿಯಂತ್ರಕರು ಹಳೆಯ ಪದ್ಧತಿಗೆ, ಅಂದರೆ ದೂರ ಮತ್ತು ವೇಳೆಯ ಲೆಕ್ಕಕ್ಕೆ ಮರಳಬೇಕಾಯಿತು. ಹಾಗಾಗಿ ಇಳಿಯುವ ಅನುಮತಿ ಎಂದಿಗಿಂತ ತಡವಾಗಿ ಸಿಕ್ಕಿತು, ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಉಳಿಯಿತು. ಆದರೆ ತನಿಖೆ ಅದನ್ನು ನೇರ ಕಾರಣ ಎನ್ನಲಿಲ್ಲ. ಸರಿಹೋಗದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದೇ ಕಾರಣ ಎಂದಿತು. ಕ್ಯಾಪ್ಟನ್ ಪ್ರಯಾಣದ ಬಹುಹೊತ್ತು ನಿದ್ದೆಯಲ್ಲಿದ್ದರು, ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ಸಹ ಪೈಲಟ್ 'ಗೋ ಅರೌಂಡ್', ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ. ಹೇಳಿದ, ಆದರೆ ಚುಕ್ಕಾಣಿಯನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ.

ಕಿರಿಯನು ಹಿರಿಯನ ತಪ್ಪು ಹೇಗೆ ಹೇಳಬೇಕು? ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಇದಕ್ಕೆ ಉತ್ತರವಿಲ್ಲ. 'ದೊಡ್ಡವರು ಏನೋ ಯೋಚನೆ ಮಾಡಿರಬೇಕು' ಎಂದು ಸುಮ್ಮನಾಗುವುದನ್ನೇ ನಾವು ಮರ್ಯಾದೆ ಎಂದು ಕಲಿಸುತ್ತೇವೆ. 1970ರ ದಶಕದ ದೊಡ್ಡ ಅಪಘಾತಗಳ ನಂತರ ವಿಮಾನಲೋಕ ಇದನ್ನೇ ಒಂದು ತರಬೇತಿಯಾಗಿ ಮಾಡಿಕೊಂಡಿತು. ಕಿರಿಯನಿಗೆ ಗಟ್ಟಿಯಾಗಿ ಹೇಳಲು, ಹಿರಿಯನಿಗೆ ಕೇಳಿಸಿಕೊಳ್ಳಲು ಕಲಿಸುವುದು. ಬಸವಕಲ್ಯಾಣದವರಿಗೆ ಈ ವಿಚಾರ ಹೊಸದಾಗಿ ಕಾಣಬಾರದು. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನಿಗೆ, ಇದು ನಮ್ಮ ಪಾಲಿನದಲ್ಲ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಆಕೆ ಹೇಳಿದ್ದು ಎಷ್ಟು ದೊಡ್ಡದೋ, ಮಾರಯ್ಯ ತಿರುಗಿ ಹೋಗಿ ಸುರಿದು ಬಂದದ್ದೂ ಅಷ್ಟೇ ದೊಡ್ಡದು.

ಇಷ್ಟೆಲ್ಲದರ ನಡುವೆ ಆಧುನೀಕರಣ ನಿಲ್ಲಲಿಲ್ಲ, ನಿಲ್ಲಬೇಕೆಂದು ನಾನು ಹೇಳುತ್ತಲೂ ಇಲ್ಲ. 2003ರ ನವೆಂಬರಿನಿಂದ ನಮ್ಮ ಆಕಾಶದಲ್ಲಿ 29,000 ಅಡಿಯಿಂದ 41,000 ಅಡಿಯವರೆಗೆ ವಿಮಾನಗಳ ನಡುವಿನ ಎತ್ತರದ ಅಂತರ 2,000 ಅಡಿಯಿಂದ 1,000 ಅಡಿಗೆ ಇಳಿದಿದೆ. ಅಂದರೆ ಹುಮನಾಬಾದಿನ ಮೇಲಿನ ದಾರಿಗೆ ಹೊಸ ಅಂತಸ್ತುಗಳು ಬಂದವು. ಎತ್ತರ ಅಳೆಯುವ ಉಪಕರಣಗಳು ನಿಖರವಾಗದೆ ಅದು ಸಾಧ್ಯವಿರಲಿಲ್ಲ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ಎಂಬ ಉಪಗ್ರಹ ವ್ಯವಸ್ಥೆ ವಿಮಾನಗಳಿಗೆ ದಾರಿ ಮತ್ತು ಇಳಿಜಾರು ತೋರಿಸುತ್ತದೆ. ಅದರ ಮುಖ್ಯ ನಿಯಂತ್ರಣ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಕಾಗದದ ಚೀಟಿಗಳ ಜಾಗಕ್ಕೆ ಪರದೆಯ ಮೇಲಿನ ಚೀಟಿಗಳು ಬರುತ್ತಿವೆ. ಕೈಯಲ್ಲಿ ಬರೆಯುವಾಗ, ಹಲಗೆಯಲ್ಲಿ ಸರಿಸುವಾಗ ವಿಮಾನ ತಲೆಯಲ್ಲಿ ಕೂರುತ್ತಿತ್ತು, ತಾನಾಗಿ ಮೂಡುವ ಚೀಟಿ ಹಾಗೆ ಕೂರುತ್ತದೆಯೇ ಎಂದು ಈ ಕ್ಷೇತ್ರದ ಸಂಶೋಧಕರು ಬಹಳ ಚರ್ಚೆ ಮಾಡಿದ್ದಾರೆ. ನೋಟ್ಸ್ ಬರೆದುಕೊಳ್ಳುವುದಕ್ಕೂ ಅದರ ಫೋಟೋ ತೆಗೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ವಿದ್ಯಾರ್ಥಿಗಳಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಆ ಹುಡುಗನ ಪ್ರಶ್ನೆಗೆ ನೇರ ಉತ್ತರ ಕೊಡುವ ಘಟನೆ. 2022ರ ಜನವರಿಯ ಒಂದು ಬೆಳಿಗ್ಗೆ, ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಅಲ್ಲಿ ಪಕ್ಕಪಕ್ಕದಲ್ಲೇ ಎರಡು ರನ್‌ವೇ, ಎರಡಕ್ಕೂ ಬೇರೆ ಬೇರೆ ನಿಯಂತ್ರಕರು. ಎರಡರ ಬದಲು ಉತ್ತರದ ರನ್‌ವೇ ಒಂದನ್ನೇ ಬಳಸುವುದೆಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದರು. ಆ ತೀರ್ಮಾನ ದಕ್ಷಿಣದ ರನ್‌ವೇ ನೋಡುತ್ತಿದ್ದವರಿಗೆ ಮುಟ್ಟಲಿಲ್ಲ. ಕೋಲ್ಕತ್ತಕ್ಕೆ ಒಂದು, ಭುವನೇಶ್ವರಕ್ಕೆ ಒಂದು, ಎರಡು ಇಂಡಿಗೋ ವಿಮಾನಗಳು ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಒಂದೇ ದಿಕ್ಕಿಗೆ ಏರಿದವು. ಏರುತ್ತಲೇ ಒಂದರತ್ತ ಒಂದು ಸರಿಯತೊಡಗಿದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನ. ಪರದೆಯಲ್ಲಿ ಅದನ್ನು ಕಂಡ ರಾಡಾರ್ ನಿಯಂತ್ರಕರೊಬ್ಬರು ತಕ್ಷಣ ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳಿ ದೂರ ಮಾಡಿದರು. ಒಳಗಿದ್ದ ಪ್ರಯಾಣಿಕರು ತಮ್ಮ ತಮ್ಮ ಊರು ಸೇರಿದರು.

ಈ ಘಟನೆಯಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ರಾಡಾರ್ ಇತ್ತು, ಎರಡು ರನ್‌ವೇ ಇದ್ದವು, ತರಬೇತಾದ ಜನ ಇದ್ದರು. ಒಂದೇ ಕಟ್ಟಡದೊಳಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದ ಒಂದು ಮಾತು ಹೋಗಲಿಲ್ಲ. ನಮ್ಮ ರೈಲಿನವರ ಭಾಷೆಯಲ್ಲಿ ಹೇಳಬೇಕೆಂದರೆ, ಲೈನ್ ಕ್ಲಿಯರ್ ಕೇಳದೆ ಗಾಡಿ ಬಿಟ್ಟಂತೆ ಆಯಿತು. ತಪ್ಪು ಮನುಷ್ಯರದೇ, ಅದನ್ನು ಹಿಡಿದದ್ದೂ ಮನುಷ್ಯನೇ. ಮೊದಲನೆಯದು ತನಿಖಾ ವರದಿಯಲ್ಲಿ ಸೇರುತ್ತದೆ. ಎರಡನೆಯದು ದಿನವೂ ಸದ್ದಿಲ್ಲದೆ ನಡೆಯುತ್ತಿರುತ್ತದೆ, ಯಾರೂ ಬರೆದಿಡುವುದಿಲ್ಲ. ಹಾಗಾಗಿ ಮನುಷ್ಯನನ್ನು ತೆಗೆದುಬಿಟ್ಟರೆ ತಪ್ಪುಗಳೇ ಹೋಗುತ್ತವೆ ಎಂಬ ಲೆಕ್ಕದಲ್ಲಿ ಒಂದು ಕಡೆಯ ಅಂಕಿ ಮಾತ್ರ ಇರುತ್ತದೆ.

ಮೊನ್ನೆ ಆ ಹುಡುಗ ಮತ್ತೆ ಸಿಕ್ಕಿದ್ದ. ಪ್ರಾಧಿಕಾರದ ಪರೀಕ್ಷೆಗೆ ಭೌತಶಾಸ್ತ್ರ, ಗಣಿತ ಹೇಗೋ ಆಗುತ್ತದೆ, ಇಂಗ್ಲಿಷಿನದೇ ಅಂಜಿಕೆ ಎಂದ. ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಭಾಷಣದ ಇಂಗ್ಲಿಷ್ ಅಲ್ಲ. ಸಣ್ಣ ವಾಕ್ಯ, ಸ್ಪಷ್ಟ ಅಂಕಿ, ಗೊತ್ತಾಗದಿದ್ದರೆ ನಾಚಿಕೆಯಿಲ್ಲದೆ 'ಮತ್ತೊಮ್ಮೆ ಹೇಳಿ' ಎನ್ನುವುದು. ಮೂರು ಭಾಷೆಯ ಬಜಾರಿನಲ್ಲಿ ಬೆಳೆದವನಿಗೆ, ಎದುರಿನವನಿಗೆ ಅರ್ಥವಾಯಿತೋ ಇಲ್ಲವೋ ಎಂದು ಮುಖ ನೋಡಿ ತಿಳಿಯುವ ಅಭ್ಯಾಸ ಇರುತ್ತದೆ. ಅಲ್ಲಿ ಮುಖದ ಬದಲು ದನಿ ಕೇಳಿ ತಿಳಿಯಬೇಕು, ಅಷ್ಟೇ.

"ಅಂದ್ರ ಕೆಲಸ ಉಳೀತದಂತೀರಿ?" ಅಂದ.

ಉಳಿಯುತ್ತದೆ, ಆದರೆ ಹಗುರಾಗುವುದಿಲ್ಲ ಎಂದೆ. ಚಹಾ ಮುಗಿಸಿ ಹುಮನಾಬಾದಿನ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಅವನು ತಲೆ ಎತ್ತಿ ಮೇಲೆ ನೋಡುತ್ತಿದ್ದ. ಮುಂಬೈ ಕಡೆಗೆ ಒಂದು ಗೆರೆ ಸಾಗುತ್ತಿತ್ತು.